ಗಿಣ್ಣದ ಹಾಲಿನಿಂದ ಆಂಟಿಬಾಡಿ ಎಳೆಯುವುದು ಹೇಗೆ?

ಬೆಳಗಾವಿ, ವಿಜಯಪುರದ ಕಡೆ ಬಯೋಟೆಕ್ ಓದುವವರಿಗೆ ಪ್ರಾಜೆಕ್ಟ್‌ಗೆ ಸ್ಯಾಂಪಲ್ ಹುಡುಕುವ ತಾಪತ್ರಯ ಇದ್ದದ್ದೇ. ಆಕಳು ಈದ ಮನೆ ಹುಡುಕುವುದು ನಮ್ಮಲ್ಲಿ ಕಷ್ಟವಲ್ಲ, ಅಲ್ವಾ? ಕರು ಹೊಟ್ಟೆ ತುಂಬ ಕುಡಿದ ಮೇಲೆ ಸ್ವಲ್ಪ ಗಿಣ್ಣದ ಹಾಲು ಕೇಳಿ ತನ್ನಿ. ಮೊದಲ ದಿನದ್ದೇ ಬೇಕು. ರೋಗಾಣುಗಳನ್ನು ಎದುರಿಸುವ ಪ್ರೋಟೀನ್ ಆದ ಐಜಿಜಿ ಆಂಟಿಬಾಡಿ ಅದರಲ್ಲಿ ಮಾಮೂಲಿ ಹಾಲಿಗಿಂತ ಹತ್ತಾರು ಪಟ್ಟು ಜಾಸ್ತಿ.

ಅದನ್ನು ಹಿಡಿಯುವುದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣ. 10–20 ನ್ಯಾನೊಮೀಟರ್‌ನ ಈ ಕಣಗಳು ಅಯಸ್ಕಾಂತ ತಂದರೆ ಎಳೆತಕ್ಕೆ ಸಿಗುತ್ತವೆ, ಸರಿಸಿದರೆ ಮತ್ತೆ ಬಿಡಿಬಿಡಿ. ಆದರೆ ಬರಿಯ ಕಣಕ್ಕೆ ಬಂದದ್ದೆಲ್ಲ ಅಂಟುತ್ತದೆ. ಅದಕ್ಕೇ ಮೇಲೊಂದು ಸಿಲಿಕಾ ಲೇಪನ, ಅದರ ಮೇಲೆ ಐಜಿಜಿಗೆ ಅಂಟಿಕೊಳ್ಳುವ ಪ್ರೋಟೀನ್ ಜಿ. ಪ್ರೋಟೀನ್ ಎ ಹಚ್ಚಿದ್ದೂ ಸಿಗುತ್ತದೆ, ಆಕಳ ಐಜಿಜಿಯನ್ನು ಅದು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಸುಮ್ನೆ ದುಡ್ಡು ದಂಡ.

ಮೊದಲು ಹಾಲನ್ನು ತಂಪಿನಲ್ಲಿ ಸೆಂಟ್ರಿಫ್ಯೂಜ್ ಮಾಡಿ ಮೇಲೆ ಕಟ್ಟಿದ ಕೊಬ್ಬು ತೆಗೆಯಿರಿ. ಹನಿಹನಿ ಆಸಿಡ್ ಹಾಕಿ ಪಿಎಚ್ 4.6ಕ್ಕೆ ಇಳಿಸಿದರೆ ಹಾಲಿನ ಮುಖ್ಯ ಪ್ರೋಟೀನ್ ಕೇಸಿನ್ ಒಡೆದು ಕೂರುತ್ತದೆ. ಮತ್ತೊಮ್ಮೆ ಸೆಂಟ್ರಿಫ್ಯೂಜ್ ಮಾಡಿ, ಉಳಿದ ತಿಳಿನೀರನ್ನು ಪಿಎಚ್ 7.4ಕ್ಕೆ ತಂದು ಪಿಬಿಎಸ್‌ನಲ್ಲಿ (ಪಿಎಚ್ ಕಾಯುವ ಫಾಸ್ಫೇಟ್-ಉಪ್ಪಿನ ದ್ರಾವಣ) ಹತ್ತು ಪಟ್ಟು ತೆಳು ಮಾಡಿ.

ಕಣಗಳನ್ನೂ ಪಿಬಿಎಸ್‌ನಲ್ಲಿ ತೊಳೆದುಕೊಂಡು ತಿಳಿನೀರಿಗೆ ಹಾಕಿ, ಒಂದು ತಾಸು ನಿಧಾನಕ್ಕೆ ತಿರುಗಿಸುತ್ತಿರಿ. ಪುಸ್ತಕದಲ್ಲಿ ‘ರೂಮ್ ಟೆಂಪರೇಚರ್’ ಅಂತ ಬರೆದಿರುತ್ತಾರೆ, ಅದು 20–25 ಡಿಗ್ರಿಯ ಲೆಕ್ಕ. ಏಪ್ರಿಲ್‌ನ ವಿಜಯಪುರದಲ್ಲಿ ಎಸಿ ಇಲ್ಲದ ಲ್ಯಾಬ್ 40ರ ಹತ್ತಿರ ಇರುತ್ತದೆ, ಹಾಗಾಗಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುವುದೇ ವಾಸಿ.

ಈಗ ಟ್ಯೂಬನ್ನು ನಿಯೊಡಿಮಿಯಮ್ ಅಯಸ್ಕಾಂತಕ್ಕೆ ಆನಿಸಿ. ಕಂದು ರಾಡಿಯಂಥ ದ್ರವ ನೋಡನೋಡುತ್ತಲೇ ತಿಳಿಯಾಗಿ, ಒಂದು ಗೋಡೆಗೆ ಕಪ್ಪು ಪಟ್ಟಿ ಕಟ್ಟುತ್ತದೆ. ಕಣ ಸಣ್ಣದಾದಷ್ಟೂ ಹೊತ್ತು ಜಾಸ್ತಿ, ಅವಸರ ಬೇಡ. ಪಿಪೆಟ್ ತುದಿಯನ್ನು ಎದುರು ಗೋಡೆಗೆ ಇಟ್ಟು ನೀರು ಎಳೆದುಕೊಳ್ಳಿ.

ನನ್ನ ಪ್ರಕಾರ ಕೆಲಸ ಕೆಡುವುದು ಹೆಚ್ಚಾಗಿ ವಾಶ್‌ನಲ್ಲಿ. 0.05% ಟ್ವೀನ್-20 (ಸೋಪಿನಂಥ ಡಿಟರ್ಜೆಂಟ್) ಸೇರಿಸಿದ ಪಿಬಿಎಸ್‌ನಿಂದ ಮೂರು ಸಲ ತೊಳೆಯಿರಿ, ಪ್ರತಿ ಸಲವೂ ಅಯಸ್ಕಾಂತದಿಂದ ಬಿಡಿಸಿ ಕಣಗಳನ್ನು ಪೂರ್ತಿ ಕದಡಿ, ಗೋಡೆಗೆ ಅಂಟಿದ ಹಾಗೇ ನೀರು ಹಾಯಿಸಿದರೆ ನಡುವೆ ಸಿಕ್ಕಿಕೊಂಡದ್ದು ಬರುವುದಿಲ್ಲ. ಒಂದು ವಾಶ್ ಆದ ಮೇಲೆ ಟ್ಯೂಬ್ ಬದಲಿಸಿದರೆ ಇನ್ನೂ ಒಳ್ಳೆಯದು. ಕಣ ಒಣಗಬಾರದು.

ಕಣದಿಂದ ಆಂಟಿಬಾಡಿ ಬಿಡಿಸಲು ಪಿಎಚ್ 2.7ರ 0.1 ಮೋಲಾರ್ ಗ್ಲೈಸಿನ್ 100 ಮೈಕ್ರೊಲೀಟರ್, ಹತ್ತು ನಿಮಿಷ. ಆಸಿಡ್‌ನಲ್ಲಿ ಆಂಟಿಬಾಡಿ ಬಹಳ ಹೊತ್ತು ತಾಳುವುದಿಲ್ಲ. ಅದಕ್ಕೇ ಅಯಸ್ಕಾಂತದಿಂದ ಕಣ ಬೇರ್ಪಡಿಸಿ ಆ ದ್ರವ ತುಂಬಿಸಿಕೊಳ್ಳುವ ಟ್ಯೂಬಿನಲ್ಲಿ, ಆಸಿಡ್ ತಗ್ಗಿಸಲು ಪಿಎಚ್ 9ರ 1 ಮೋಲಾರ್ ಟ್ರಿಸ್ ಬಫರ್ 10 ಮೈಕ್ರೊಲೀಟರ್ ಮೊದಲೇ ಹಾಕಿಟ್ಟಿರಿ.

ಕೊನೆಗೆ ಆಂಟಿಬಾಡಿಯ ಸರಪಳಿಗಳನ್ನು ಬಿಡಿಸುವ ಬೀಟಾ-ಮರ್ಕ್ಯಾಪ್ಟೊಎಥನಾಲ್ ಹಾಕಿ ಕುದಿಸಿ, ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್ ಓಡಿಸಿ. ಪ್ರೋಟೀನ್ ಜಿ ಇಲ್ಲದ, ಸಿಲಿಕಾ ಮಾತ್ರ ಇರುವ ಕಣದ ಒಂದು ಟ್ಯೂಬೂ ಹೋಲಿಕೆಗೆ ಪಕ್ಕದಲ್ಲಿರಲಿ. 50 ಮತ್ತು 25 ಕಿಲೊಡಾಲ್ಟನ್ ಹತ್ತಿರದ ಎರಡು ಗೆರೆ ನಿಮ್ಮ ಐಜಿಜಿ. 18ರ ಹತ್ತಿರ ಇನ್ನೊಂದು ಕಂಡರೆ ಅದು ಹಾಲಿನದೇ ಇನ್ನೊಂದು ಪ್ರೋಟೀನ್ ಬೀಟಾ-ಲ್ಯಾಕ್ಟೊಗ್ಲಾಬ್ಯುಲಿನ್, ಮುಂದಿನ ಸಲ ಇನ್ನೆರಡು ವಾಶ್ ಸೇರಿಸಿ.