ಮಂಡಿ ಬದಲಿಸಿದ ಮೇಲೆ ಕೀವಾದರೆ: ನಾನು ಹೇಗೆ ನೋಡುತ್ತೇನೆ

ಮಂಡಿ ಬದಲಿಸಿಕೊಂಡವರು ನೋವು, ಕೀವು ಅಂತ ಬಂದರೆ ನಾನು ಮೊದಲು ಕೇಳುವುದು, ಆಂಟಿಬಯೋಟಿಕ್ ಏನಾದರೂ ತಗೊಂಡಿದ್ದೀರಾ? ಎಷ್ಟೋ ಜನ ತಗೊಂಡೇ ಬಂದಿರುತ್ತಾರೆ. ಅಲ್ಲಿಗೆ ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಏನೂ ಬೆಳೆಯದೆ ಹೋಗುವ ಸಾಧ್ಯತೆ ಜಾಸ್ತಿ.

ಒಬ್ಬ ಅಜ್ಜಿಗೆ ಹೊಲಿಗೆ ಗುರುತಿನ ಕೆಳಗೆ ಸೂಜಿಮೊನೆಯಷ್ಟು ತೂತು, ಒತ್ತಿದರೆ ತೆಳ್ಳಗೆ ಕೀವು. "ಮಾತ್ರೆ ನುಂಗಿದರೆ ಒಣಗುತ್ತೆ ಡಾಕ್ಟ್ರೇ, ಬಿಟ್ಟರೆ ಮತ್ತೆ ಶುರು" ಅಂದರು. ತೂತು ಕೀಲಿನವರೆಗೂ ಹೋಗಿದ್ದರೆ ಇನ್‌ಫೆಕ್ಷನ್ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗಬೇಕಲ್ವಾ? ತೂತಿನ ಬಾಯಿಂದ ಹತ್ತಿಕಡ್ಡಿಯಲ್ಲಿ ಒರೆಸಿ ಸ್ವಾಬ್ ತೆಗೆದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವೇ ಬರುತ್ತದೆ, ಅದನ್ನು ನಾನು ಕಳಿಸುವುದಿಲ್ಲ.

ಜ್ವರ, ಚಳಿ ಇದ್ದರೆ ಕಾಯುವಂತಿಲ್ಲ, ತಕ್ಷಣ ಸ್ಯಾಂಪಲ್ ತೆಗೆದು ಔಷಧಿ ಶುರು ಮಾಡಬೇಕು. ಇವರಿಗೆ ಇರಲಿಲ್ಲ. ಮಾತ್ರೆ ನಿಲ್ಲಿಸಿ 2 ವಾರ ಕಾದೆವು. ಒಳಗಿನ ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಸಿಆರ್‌ಪಿ, ಇಎಸ್‌ಆರ್ ಎರಡೂ ಏರಿದ್ದವು. ಮಂಡಿಯಿಂದ ಸೂಜಿಯಲ್ಲಿ ನೀರು ತೆಗೆದು ಬಿಳಿ ರಕ್ತಕಣ ಎಣಿಕೆಗೂ ಕಲ್ಚರ್‌ಗೂ ಕಳಿಸಿದೆ. ಹಳೆಯ ಇನ್‌ಫೆಕ್ಷನ್ ಇದ್ದರೆ ಎಣಿಕೆ ಸಾಮಾನ್ಯವಾಗಿ ಮೈಕ್ರೋಲೀಟರಿಗೆ 3000 ದಾಟುತ್ತದೆ. ಲ್ಯಾಬಿಗೆ ನಾನೇ ಫೋನ್ ಮಾಡಿ, ಕಲ್ಚರ್ ಪ್ಲೇಟ್ 14 ದಿನ ಇಡಿ, 5ನೇ ದಿನಕ್ಕೆ ಎಸೆಯಬೇಡಿ ಅಂತ ಹೇಳುತ್ತೇನೆ, ಯಾಕಂದರೆ ಕೆಲವು ಬ್ಯಾಕ್ಟೀರಿಯಾ ತೀರಾ ನಿಧಾನ. ಟಿಬಿಗೂ ಕಳಿಸುತ್ತೇನೆ.

ಆಪರೇಶನ್ ಆದ 4 ವಾರದೊಳಗೇ ಸಿಕ್ಕಿದ್ದರೆ ಒಳಗೆ ಚೆನ್ನಾಗಿ ತೊಳೆದು, ಲೋಹದ ನಡುವಿನ ಪ್ಲಾಸ್ಟಿಕ್ ಲೈನರ್ ಬದಲಿಸಿ, ಇಂಪ್ಲಾಂಟ್ (ಕೂರಿಸಿದ ಕೃತಕ ಮಂಡಿ) ಉಳಿಸಲು ನೋಡಬಹುದಿತ್ತು. ಇದು ತಿಂಗಳುಗಟ್ಟಲೆ ಹಳೆಯದು. ಲೋಹದ ಮೇಲೆ ಬಾವಿಕಟ್ಟೆಯ ಪಾಚಿ ಹಾಗೆ ಬ್ಯಾಕ್ಟೀರಿಯಾದ ಅಂಟುಪದರ, ಬಯೋಫಿಲ್ಮ್, ಕಟ್ಟಿಕೊಂಡಿರುತ್ತದೆ, ಬರೀ ಮಾತ್ರೆಗೆ ಬಗ್ಗುವುದಿಲ್ಲ.

ಹಾಗಾಗಿ ಇಂಪ್ಲಾಂಟ್ ತೆಗೆಯಲು ಒಂದು, ಹೊಸದು ಕೂರಿಸಲು ಇನ್ನೊಂದು, ಹೀಗೆ ಎರಡು ಆಪರೇಶನ್ ಬೇಕು, ನಡುವೆ ವಾಕರ್ ಹಿಡಿದೇ ನಡೆಯಬೇಕು ಅಂತ ಮನೆಯವರನ್ನು ಕೂರಿಸಿಕೊಂಡು ಹೇಳಿದೆ. ಮಗನಿಗೆ ಖರ್ಚಿನ ಚಿಂತೆ, ಅದನ್ನೂ ಮೊದಲೇ ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು.

ಇಂಪ್ಲಾಂಟ್, ಹಳೆ ಸಿಮೆಂಟ್ ಎಲ್ಲ ತೆಗೆದು ಕಲ್ಚರ್‌ಗೆ ಅಂತ ಕೀಲಿನ ಒಳಗಿನ 5 ಜಾಗದಿಂದ ಚೂರು ತಗೊಂಡೆ. ಪ್ರತಿ ಚೂರಿಗೂ ಬೇರೆ ಚಿಮಟ, ಬೇರೆ ಬಾಟಲಿ. ಎರಡರಲ್ಲಿ ಒಂದೇ ಬ್ಯಾಕ್ಟೀರಿಯಾ ಬಂದರೆ ನಂಬುತ್ತೇನೆ, ಒಂದರಲ್ಲಿ ಮಾತ್ರ ಬಂದರೆ ಚರ್ಮದ್ದಿರಬಹುದು. ಇವರ 3 ಬಾಟಲಿಯಲ್ಲಿ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಅನ್ನುವ ಒಂದೇ ಬ್ಯಾಕ್ಟೀರಿಯಾ ಬಂತು.

ಖಾಲಿ ಜಾಗಕ್ಕೆ ವ್ಯಾಂಕೋಮೈಸಿನ್ ಅನ್ನುವ ಆಂಟಿಬಯೋಟಿಕ್ ಬೆರೆಸಿದ ಮೂಳೆ ಸಿಮೆಂಟಿನ ಸ್ಪೇಸರ್, ಅಂದರೆ ತಾತ್ಕಾಲಿಕ ತುಂಡು, ಇಟ್ಟೆ. ಸಿಮೆಂಟ್ ಗಟ್ಟಿಯಾಗುವಾಗ ಸುಡುವಷ್ಟು ಬಿಸಿಯಾಗುತ್ತದೆ, ಆ ಬಿಸಿ ತಡೆಯುವ ಔಷಧಿಯೇ ಆಗಬೇಕು, ಅದೂ ಪುಡಿ ರೂಪದಲ್ಲಿ. ಪುಡಿ ಜಾಸ್ತಿಯಾದಷ್ಟೂ ಸಿಮೆಂಟ್ ಉದುರುದುರಾಗಿ ಕೂಡಿಕೊಳ್ಳುವುದೇ ಇಲ್ಲ, ಕಲೆಸಲು ತಾಳ್ಮೆ ಬೇಕು.

6 ವಾರ ಆಂಟಿಬಯೋಟಿಕ್ ಕೊಟ್ಟೆವು, ಅದರ ಜೊತೆ ಕಿಡ್ನಿ ಪರೀಕ್ಷೆಯೂ ನಡೆಯಿತು. ಗಾಯ ಒಣಗಿ, ಸಿಆರ್‌ಪಿ ಇಳಿದ ಮೇಲೆ ಹೊಸ ಮಂಡಿ ಕೂರಿಸಿದೆ. ಆಗ ತೆಗೆದ ಚೂರುಗಳಲ್ಲಿ ಏನೂ ಬೆಳೆಯಲಿಲ್ಲ. ಆದರೂ ಆಗಾಗ ಕರೆಸಿ ಸಿಆರ್‌ಪಿ ನೋಡುತ್ತಿದ್ದೇನೆ, ಇದು ವರ್ಷ ಬಿಟ್ಟೂ ಮರಳಬಹುದು.