ಕಾರು ಹೊರಡುವ ಮೊದಲು, ಅಂಗಳದಲ್ಲೇ: ಟಯರ್ ಗಾಳಿ ನೋಡಿಕೊಳ್ಳುವ ನನ್ನ ಅಭ್ಯಾಸ

ನಾನು ತಪ್ಪು ಮಾಡಿದ್ದು ಒಂದು ಮೇ ತಿಂಗಳ ಮಧ್ಯಾಹ್ನ, ಗದಗ ದಾಟಿ ಕೊಪ್ಪಳದ ಕಡೆ ಹೋಗುವ ಹೆದ್ದಾರಿಯಲ್ಲಿ. ಬಳ್ಳಾರಿಯಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಶಿರಸಿಯಿಂದ ಬೆಳಿಗ್ಗೆಯೇ ಹೊರಟಿದ್ದೆವು. ಸಣ್ಣ ಕಾರು, ಒಳಗೆ ಐದು ಜನ, ಡಿಕ್ಕಿಯಲ್ಲಿ ಎರಡು ಹಲಸಿನ ಹಣ್ಣು ಸೇರಿ ಹಿಡಿಸಲಾರದಷ್ಟು ಸಾಮಾನು. ಪೆಟ್ರೋಲ್ ಹಾಕಿಸುವಾಗ ಹಾಗೇ ಗಾಳಿಯನ್ನೂ ನೋಡಿಸಿದೆ. ಹುಡುಗ ಪೈಪು ಹಚ್ಚಿ, "ಮೂವತ್ತೆಂಟು ಐತ್ರಿ ಅಕ್ಕಾರ, ಭಾಳ ಆಗೇತಿ. ಎಷ್ಟು ಇಡ್ಲಿ?" ಅಂದ. ನಮ್ಮ ಕಾರಿಗೆ 33 ಪಿ.ಎಸ್.ಐ. (ಟಯರಿನ ಗಾಳಿಯ ಒತ್ತಡದ ಅಳತೆ) ಎಂದು ನನಗೆ ಬಾಯಿಪಾಠ. "ಮೂವತ್ಮೂರು ಇಡಪ್ಪ" ಎಂದೆ. ನಾಲ್ಕೂ ಟಯರಿನಿಂದ ಬುಸ್ ಎಂದು ಗಾಳಿ ಬಿಟ್ಟ. ಸರಿಯಾದ ಕೆಲಸ ಮಾಡಿಸಿದೆ ಎಂಬ ನೆಮ್ಮದಿಯಲ್ಲಿ ಮುಂದೆ ಹೊರಟೆ.

ಮರುದಿನ ಬೆಳಗ್ಗೆ ನಾದಿನಿಯ ಗಂಡ ನಮ್ಮ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಹಿಂದಿನ ಗಾಲಿ ಕುಂತಾವಲ್ರೀ" ಅಂದರು. ಅವರು ಲಾರಿ ಇಟ್ಟುಕೊಂಡವರು, ಗಾಲಿ ನೋಡಿಯೇ ಹೇಳುತ್ತಾರೆ. ಗೇಜು ತಂದು ಹಚ್ಚಿದರೆ ನಾಲ್ಕರಲ್ಲೂ 28ರ ಆಸುಪಾಸು. ನಿನ್ನೆ ಏನು ಮಾಡಿಸಿದೆ ಎಂದು ಹೇಳಿದಾಗ ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಬಿಸಿ ಟಯರಿನ ಹವಾ ಎಂದೂ ಬಿಡಬಾರ್ದ್ರಿ."

ಆವತ್ತು ಅವರು ಹೇಳಿದ್ದು ನನ್ನ ತಲೆಯಲ್ಲಿ ಕೂತಿತು. ಓಡಿದ ಟಯರು ಬಿಸಿಯಾಗುತ್ತದೆ, ಒಳಗಿನ ಗಾಳಿಯೂ ಬಿಸಿಯಾಗಿ ಒತ್ತಡ ಏರುತ್ತದೆ. ಮೂರರಿಂದ ಐದು ಪಿ.ಎಸ್.ಐ. ಏರುವುದು ತೀರಾ ಸಾಮಾನ್ಯ. ಕಂಪನಿಯವರು 33 ಎಂದು ಬರೆದಿರುವುದು ತಣ್ಣಗಿನ ಟಯರಿಗೆ. ಓಡಿದಾಗ ಅದು 37, 38 ಆಗುತ್ತದೆ ಎಂಬ ಲೆಕ್ಕ ಆ ಅಂಕಿಯ ಒಳಗೇ ಇದೆ. ನಾನು ಬಿಸಿಯಲ್ಲಿ 33ಕ್ಕೆ ಇಳಿಸಿದ್ದರಿಂದ ರಾತ್ರಿ ಆರಿದಾಗ 28 ಆಯಿತು. ಅಷ್ಟೇ ಅಲ್ಲ, ಚಾಲಕರ ಬಾಗಿಲ ಹತ್ತಿರ ಕಂಪನಿಯವರು ಅಂಟಿಸಿದ ಚೀಟಿಯನ್ನು ಆಮೇಲೆ ಸರಿಯಾಗಿ ಓದಿದಾಗ, ತುಂಬಿದ ಕಾರಿಗೆ ಹಿಂದಿನ ಟಯರಿಗೆ 36 ಬೇಕು ಎಂದು ಕಂಡಿತು. ಅಂದರೆ ಹಿಂದೆ ಎಂಟು ಕಡಿಮೆ ಇಟ್ಟುಕೊಂಡು, ಸುಡುವ ಡಾಂಬರಿನ ಮೇಲೆ, ಐದು ಜನರನ್ನು ಕೂರಿಸಿಕೊಂಡು ಬಂದಿದ್ದೆ.

ಗಾಳಿ ಹೆಚ್ಚಾದರೆ ಟಯರು ಸಿಡಿಯುತ್ತದೆ ಎಂದು ನಾವೆಲ್ಲ ಹೆದರುತ್ತೇವೆ. ಹೆಚ್ಚು ಹೆದರಬೇಕಾದ್ದು ಗಾಳಿ ಕಡಿಮೆಯಾದಾಗ. ಕಡಿಮೆ ಗಾಳಿಯ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಮಡಚಾಟಕ್ಕೇ ಒಳಗಿಂದ ಕಾವು ಹುಟ್ಟುತ್ತದೆ. ಭಾರ, ವೇಗ, ಬಿಸಿಲು ಮೂರೂ ಸೇರಿದರೆ ರಬ್ಬರು ಒಳಗಿನ ಪದರಗಳಿಂದ ಬಿಟ್ಟುಕೊಳ್ಳುವ ಹಂತಕ್ಕೆ ಬರುತ್ತದೆ. ಇದನ್ನು ತಿಳಿದ ಮೇಲೆ ನನಗೆ ಗಾಳಿಯ ವಿಷಯದಲ್ಲಿ ಬೇರೆಯವರ ಕೈ ಕಾಯುವ ಮನಸ್ಸಾಗಲಿಲ್ಲ. ಪೆಟ್ರೋಲ್ ಬಂಕಿಗೆ ಹೋಗಬೇಕೆಂದರೆ ಕಾರು ಓಡಿಸಿಕೊಂಡೇ ಹೋಗಬೇಕು. ನಮ್ಮ ಮನೆಯಿಂದ ಅದು ಆರು ಕಿಲೋಮೀಟರ್. ಅಲ್ಲಿ ಮುಟ್ಟುವಷ್ಟರಲ್ಲಿ ಟಯರು ಬಿಸಿ. ತಣ್ಣಗಿನ ಅಂಕಿ ಸಿಗುವುದು ರಾತ್ರಿಯಿಡೀ ನಿಂತ ಕಾರಿನಲ್ಲಿ, ಮನೆಯ ಅಂಗಳದಲ್ಲಿ, ಬಿಸಿಲು ಬೀಳುವ ಮೊದಲು.

ಹಾಗಾಗಿ ಮೊದಲು ಕೊಂಡದ್ದು ಗೇಜು. ಗಾಳಿ ತುಂಬುವ ಯಂತ್ರ ಅಲ್ಲ, ಬರೀ ಅಳೆಯುವ ಗೇಜು. ಈ ಕ್ರಮದಲ್ಲೇ ಕೊಳ್ಳಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಮೊದಲು ತಂದದ್ದು ಪೆನ್ನಿನ ಹಾಗಿರುವುದು, ಕಡ್ಡಿ ಹೊರಗೆ ಬರುವಂಥದ್ದು. ಅದರ ಗೆರೆ ಓದಲು ಕಷ್ಟವಾಗಿ ಮುಳ್ಳಿನ ಗೇಜು ತಂದೆ. ಒಂದೇ ಟಯರಿಗೆ ಎರಡನ್ನೂ ಹಚ್ಚಿದರೆ ಎರಡು ಪಿ.ಎಸ್.ಐ. ವ್ಯತ್ಯಾಸ! ಯಾವುದನ್ನು ನಂಬುವುದು? ನಮ್ಮೂರ ಟಯರ್ ಅಂಗಡಿಯಲ್ಲಿ ಒಳ್ಳೆಯ ಗೇಜು ಇದೆ. ಅಲ್ಲಿಗೆ ಎರಡನ್ನೂ ಒಯ್ದು ಒಂದೇ ಟಯರಿಗೆ ಮೂರನ್ನೂ ಒಂದರ ಹಿಂದೆ ಒಂದು ಹಚ್ಚಿ ನೋಡಿದೆ. ಮುಳ್ಳಿನದು ಅವರದ್ದಕ್ಕೆ ಸರಿಹೊಂದಿತು, ಪೆನ್ನು ಎರಡು ಹೆಚ್ಚು ತೋರಿಸುತ್ತಿತ್ತು. ಪೆನ್ನಿಗೆ 'ಎರಡು ಕಳೆ' ಎಂದು ಚೀಟಿ ಅಂಟಿಸಿ ಕಾರಿನಲ್ಲೇ ಇಟ್ಟಿದ್ದೇನೆ.

ಯಾವ ಅಂಕಿಗೆ ತುಂಬಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಚಾಲಕರ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿದ ಚೀಟಿ ಇರುತ್ತದೆ, ಅದೇ ನಿಮ್ಮ ಅಂಕಿ. ಅದರಲ್ಲಿ ಕಡಿಮೆ ಜನರಿದ್ದಾಗ ಎಷ್ಟು, ತುಂಬಿದಾಗ ಎಷ್ಟು, ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಬೇರೆ ಬೇರೆ ಇರಬಹುದು. ಟಯರಿನ ಮೈಮೇಲೆ ಉಬ್ಬಿದ ಅಕ್ಷರದಲ್ಲಿ ಇರುವ ಅಂಕಿ ಬೇರೆ. ನಮ್ಮ ಟಯರಿನಲ್ಲಿ 44 ಎಂದಿದೆ. ಅದು ಆ ಟಯರು ತಡೆಯುವ ಗರಿಷ್ಠ ಒತ್ತಡ, ನಮ್ಮ ಕಾರಿಗೆ ಬೇಕಾದ್ದಲ್ಲ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಅದನ್ನು ನೋಡಿ 44 ತುಂಬಿಸಿಕೊಂಡು ಓಡಾಡುತ್ತಿದ್ದರು. ಟಯರಿನ ನಡುಭಾಗ ಮಾತ್ರ ಸವೆದು ಅಂಚು ಹೊಸದಾಗಿಯೇ ಉಳಿದಿತ್ತು. ಗಾಳಿ ಕಡಿಮೆ ಇದ್ದವರ ಟಯರಿನಲ್ಲಿ ಇದರ ಉಲ್ಟಾ, ಎರಡು ಅಂಚು ಸವೆದು ನಡು ಉಳಿಯುತ್ತದೆ.

ಆರು ತಿಂಗಳು ನನ್ನ ಬಳಿ ಗೇಜು ಮಾತ್ರ ಇತ್ತು. ಆಗ ಕಲಿತ ಉಪಾಯ ಈಗಲೂ ಪ್ರಯಾಣದಲ್ಲಿ ಕೈಹಿಡಿಯುತ್ತದೆ. ಬೆಳಗ್ಗೆ ಅಂಗಳದಲ್ಲಿ ಅಳೆದಾಗ 29 ಇದೆ, ಬೇಕಾದ್ದು 33, ಅಂದರೆ ನಾಲ್ಕು ಕಡಿಮೆ ಎಂದುಕೊಳ್ಳಿ. ಕೈಮೇಲೆ 'ನಾಲ್ಕು' ಎಂದು ಬರೆದುಕೊಂಡೇ ಹೋಗುತ್ತಿದ್ದೆ. ಬಂಕಿನಲ್ಲಿ ಬಿಸಿ ಟಯರು 32 ತೋರಿಸಲಿ, 34 ತೋರಿಸಲಿ, ಅದಕ್ಕೆ ನಾಲ್ಕು ಸೇರಿಸಿ ಎನ್ನುವುದು. ಅವರ ಯಂತ್ರ ಒಂದೆರಡು ಹೆಚ್ಚುಕಡಿಮೆ ತೋರಿಸಿದರೂ ಚಿಂತೆಯಿಲ್ಲ, ಏಕೆಂದರೆ ನಾವು ಕೇಳುತ್ತಿರುವುದು ವ್ಯತ್ಯಾಸವನ್ನು. ಮರುದಿನ ಬೆಳಗ್ಗೆ ಅಳೆದರೆ ಸರಿಯಾಗಿ 33. "ಅಕ್ಕೋರೆ, ಮೂವತ್ತೆಂಟು ಜಾಸ್ತಿ ಆಗ್ತದೆ" ಎಂದು ಬಂಕಿನ ಹುಡುಗ ಒಪ್ಪುತ್ತಲೇ ಇರಲಿಲ್ಲ. ಎರಡು ಮೂರು ಸಲ ವಿವರಿಸಿದ ಮೇಲೆ ಈಗ ಅವನೇ "ಎಷ್ಟು ಕಮ್ಮಿ ಉಂಟು?" ಎಂದು ಕೇಳುತ್ತಾನೆ.

ಆಮೇಲೆ 12 ವೋಲ್ಟಿನ ಸಣ್ಣ ಪಂಪು ತಂದೆ, ಕಾರಿನ ಸಾಕೆಟ್ಟಿಗೆ ಚುಚ್ಚುವಂಥದ್ದು. ಕೊಳ್ಳುವಾಗ ನೋಡಬೇಕಾದ್ದು ತುದಿ: ತಿರುಪಿ ಕೂರಿಸುವ ಹಿತ್ತಾಳೆ ತುದಿ ನನಗೆ ಹಿಡಿಸಿತು, ಸೋರುವುದಿಲ್ಲ. ಆದರೆ ಬಿಚ್ಚುವಾಗ ಒಂದಿಷ್ಟು ಗಾಳಿ ಹೋಗುತ್ತದೆ, ಹಾಗಾಗಿ ಒಂದು ಹೆಚ್ಚು ತುಂಬಿ ಬಿಚ್ಚಿ, ಮುಳ್ಳಿನ ಗೇಜಿನಲ್ಲಿ ಅಳೆದು ಸರಿಮಾಡುತ್ತೇನೆ. ಪಂಪಿನ ಪರದೆಯ ಅಂಕಿಯನ್ನು ನಾನು ಕೊನೆಯ ಮಾತು ಎಂದು ಒಪ್ಪುವುದಿಲ್ಲ. ನಾಲ್ಕು ಪಿ.ಎಸ್.ಐ. ತುಂಬಲು ಎರಡು ನಿಮಿಷ ಸಾಕು. ಹತ್ತು ನಿಮಿಷ ಸತತವಾಗಿ ಓಡಿಸಿದರೆ ಪಂಪು ಕೈ ಸುಡುವಷ್ಟು ಬಿಸಿಯಾಗುತ್ತದೆ, ನಡುವೆ ಆರಲು ಬಿಡಬೇಕು. ಬ್ಯಾಟರಿ ಇಳಿಯದಿರಲಿ ಎಂದು ಎಂಜಿನ್ ಚಾಲೂ ಇಟ್ಟಿರುತ್ತೇನೆ. ನಮ್ಮದು ತೆರೆದ ಅಂಗಳ, ತೊಂದರೆಯಿಲ್ಲ. ನಿಮ್ಮ ಕಾರು ಮುಚ್ಚಿದ ಶೆಡ್ಡಿನಲ್ಲಿದ್ದರೆ ದಯವಿಟ್ಟು ಹೊರಗೆ ತಂದು ಎಂಜಿನ್ ಚಾಲೂ ಮಾಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ.

ಎರಡು ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ ಚಹಾಕ್ಕೆ ಮೊದಲು, ನಾಲ್ಕು ಅಂಕಿ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಈ ಪುಸ್ತಕವೇ ನನಗೆ ಅತಿ ಹೆಚ್ಚು ಕಲಿಸಿದ್ದು. ಚೆನ್ನಾಗಿರುವ ಟಯರು ಕೂಡ ತಿಂಗಳಿಗೆ ಒಂದೆರಡು ಪಿ.ಎಸ್.ಐ. ಕಳೆದುಕೊಳ್ಳುತ್ತದೆ, ಅದು ರಬ್ಬರಿನ ಮೂಲಕವೇ ನಿಧಾನ ಹೋಗುವ ಗಾಳಿ. ಇನ್ನು ಡಿಸೆಂಬರಿನಲ್ಲಿ ನಾಲ್ಕೂ ಒಟ್ಟಿಗೆ ಇಳಿಯುತ್ತವೆ. ಹತ್ತು ಡಿಗ್ರಿ ಚಳಿ ಹೆಚ್ಚಾದರೆ ಒಂದೂವರೆಯಿಂದ ಎರಡು ಪಿ.ಎಸ್.ಐ. ಇಳಿಯುತ್ತದೆ. ನಾಲ್ಕೂ ಸಮನಾಗಿ ಇಳಿದರೆ ಅದು ಹವಾಮಾನ, ತುಂಬಿಸಿದರೆ ಆಯಿತು. ಒಂದೇ ಟಯರು ಇಳಿಯುತ್ತಿದ್ದರೆ ಅಲ್ಲಿ ಏನೋ ಇದೆ.

ಕಳೆದ ಮಳೆಗಾಲದಲ್ಲಿ ಎಡಬದಿಯ ಹಿಂದಿನದು ಹಾಗೆ ಮಾಡಿತು. ಎರಡು ವಾರಕ್ಕೆ 33ರಿಂದ 29, ತುಂಬಿಸಿದರೆ ಮತ್ತೆ 29. ಮೊಳೆ ಹುಡುಕಿದೆ, ಇಲ್ಲ. ಸೋಪಿನ ನೀರು ಮಾಡಿ ಬಟ್ಟೆಯಲ್ಲಿ ಹಚ್ಚಿದೆ. ವಾಲ್ವಿನ ಬಾಯಿಗೆ ಬಿಟ್ಟರೂ ಗುಳ್ಳೆಯಿಲ್ಲ. ಕಾರನ್ನು ಅಷ್ಟಷ್ಟೇ ಮುಂದೆ ತಳ್ಳಿ ಸುತ್ತಲೂ ಹಚ್ಚುತ್ತ ಬಂದಾಗ, ಟಯರು ರಿಮ್ಮಿಗೆ ಕೂರುವ ಅಂಚಿನಲ್ಲಿ, ಒಂದು ಗೇಣಿನಷ್ಟು ಜಾಗದಲ್ಲಿ, ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದೊಂದೇ ಏಳುತ್ತಿದ್ದವು. ಪಂಕ್ಚರ್ ಅಂಗಡಿಯಲ್ಲಿ ಟಯರು ಬಿಡಿಸಿದಾಗ ರಿಮ್ಮಿನ ಅಂಚಿನಲ್ಲಿ ತುಕ್ಕು, ಅದರ ಮೇಲೆ ನಮ್ಮ ಕೆಂಪು ಮಣ್ಣಿನ ಪದರ. ತಂತಿ ಬ್ರಷ್ಷಿನಲ್ಲಿ ತಿಕ್ಕಿ, ಅಂಚಿಗೆ ಹಚ್ಚುವ ಅಂಟು ಹಚ್ಚಿ ಕೂರಿಸಿದರು. ಅಲ್ಲಿಂದ ಅದು ಉಳಿದ ಮೂರರ ಜೊತೆಗೇ ನಡೆಯುತ್ತಿದೆ. ಬರೆದಿಡದೆ ಇದ್ದಿದ್ದರೆ ಪ್ರತಿ ಸಲ ತುಂಬಿಸುತ್ತ ವರ್ಷ ಕಳೆಯುತ್ತಿದ್ದೆ.

ವಾಲ್ವಿನ ಮುಚ್ಚಳದ ಬಗ್ಗೆ ಒಂದು ಮಾತು. ಹೊಳೆಯುವ ಲೋಹದ ಮುಚ್ಚಳ ನೋಡಲು ಚಂದ, ನಮ್ಮ ಕಡೆಯ ಮಳೆಗೆ ಹೇಳಿಮಾಡಿಸಿದ್ದಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವಾಲ್ವಿನ ಹಿತ್ತಾಳೆಗೆ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಪ್ಲಾಸ್ಟಿಕ್ಕಿನದೇ ಸಾಕು, ಆದರೆ ಇರಲೇಬೇಕು. ಮಣ್ಣು ಒಳಗೆ ಹೋದರೆ ವಾಲ್ವಿನ ಪಿನ್ನು ಸರಿಯಾಗಿ ಕೂರದೆ ಸೋರುತ್ತದೆ.

ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋದಾಗ ಟಯರಿನ ಗಾಳಿಯ ಅಂಕಿ ಬದಲಾಗುತ್ತದೆಯೇ ಎಂದು ನನ್ನ ಮಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಒಳಗಿನದು ಎಷ್ಟು ಹೆಚ್ಚು ಎಂಬುದನ್ನು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಕೆಳಗಿಳಿದರೆ ಹೊರಗಿನ ಒತ್ತಡ ಹೆಚ್ಚಾಗಿ ಗೇಜು ಸುಮಾರು ಒಂದು ಕಡಿಮೆ ತೋರಿಸಬೇಕು. ಆದರೆ ಕರಾವಳಿಯ ಬೆಳಗು ನಮ್ಮಲ್ಲಿಗಿಂತ ಬೆಚ್ಚಗೆ, ಅದು ಹೆಚ್ಚುಕಡಿಮೆ ಅಷ್ಟನ್ನೇ ಏರಿಸುತ್ತದೆ. ಜನವರಿಯಲ್ಲಿ ನಾವಿಬ್ಬರೂ ಕುಮಟೆಯಲ್ಲಿ ಬೆಳಗ್ಗೆ ಅಳೆದು ನೋಡಿದೆವು, ಅದೇ 33.

ನೈಟ್ರೋಜನ್ ತುಂಬಿಸಬೇಕೇ ಎಂದು ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ನನ್ನ ಮಟ್ಟಿಗೆ ಆ ದುಡ್ಡಿನಲ್ಲಿ ಒಳ್ಳೆಯ ಗೇಜು ಬರುತ್ತದೆ.

ಸ್ಟೆಪ್ನಿಯನ್ನು ನಾನು ಎರಡು ವರ್ಷ ಮರೆತೇಬಿಟ್ಟಿದ್ದೆ. ಹೊರತೆಗೆದು ಅಳೆದಾಗ 19 ಇತ್ತು. ನಮ್ಮದು ಉಳಿದವುಗಳಷ್ಟೇ ದೊಡ್ಡದು, ಆದ್ದರಿಂದ ಚೀಟಿಯ ಅತಿ ಹೆಚ್ಚಿನ ಅಂಕಿಗೆ, ಅಂದರೆ 36ಕ್ಕೆ ತುಂಬಿ ಇಡುತ್ತೇನೆ. ಯಾವ ಜಾಗಕ್ಕೆ ಹಾಕುತ್ತೇವೋ ಅದಕ್ಕೆ ತಕ್ಕಂತೆ ಆಮೇಲೆ ಬಿಟ್ಟರಾಯಿತು. ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿ ಇರುವವರು ಅದರ ಮೈಮೇಲಿನ ಬರಹ ಓದಿಕೊಳ್ಳಬೇಕು. ಅದಕ್ಕೆ ಸಾಮಾನ್ಯವಾಗಿ 60 ಬೇಕು, 33 ತುಂಬಿದರೆ ಉಪಯೋಗವಿಲ್ಲ.

ಈ ಶನಿವಾರ ಮತ್ತೆ ಬಳ್ಳಾರಿಗೆ ಹೊರಟಿದ್ದೇವೆ, ಮತ್ತೆ ಐದು ಜನ. ಶುಕ್ರವಾರ ರಾತ್ರಿಯೇ ಸಾಮಾನು ತುಂಬಿ, ಬೆಳಗ್ಗೆ ಐದೂವರೆಗೆ ಟಾರ್ಚು ಹಿಡಿದು ಮುಂದೆ 33, ಹಿಂದೆ 36 ಮಾಡಿ ಹೊರಡುವುದು. ದಾರಿಯಲ್ಲಿ ಎಷ್ಟೇ ತೋರಿಸಲಿ, ಮುಟ್ಟುವುದಿಲ್ಲ.