ಎನ್‌ಜಿಒ ಕೆಲಸದ ಮೌಲ್ಯಮಾಪನ: ಕನ್ಸಲ್ಟೆಂಟ್‌ಗೆ ಫೋನ್ ಮಾಡುವ ಮುಂಚೆ

ಸಣ್ಣ ಸಂಸ್ಥೆಗಳಿಗೆ ಮೌಲ್ಯಮಾಪನ ನೆನಪಾಗೋದು ಫೆಬ್ರವರಿಯಲ್ಲಿ. ಮಾರ್ಚ್ 31ಕ್ಕೆ ಪ್ರಾಜೆಕ್ಟ್ ಮುಗಿಯುತ್ತೆ, ಹಣ ಕೊಟ್ಟ ಕಂಪನಿಯವರು 'ಇಂಪ್ಯಾಕ್ಟ್ ರಿಪೋರ್ಟ್ ಎಲ್ಲಿ' ಅಂತ ಮೇಲ್ ಹಾಕಿರುತ್ತಾರೆ, ಆಗ ಯಾರೋ ಪರಿಚಯದ ಕನ್ಸಲ್ಟೆಂಟ್‌ಗೆ ಫೋನ್ ಹೋಗುತ್ತೆ. ಮೂರು ವಾರದಲ್ಲಿ ದಪ್ಪ ವರದಿ ಬರುತ್ತೆ. ಅರ್ಧ ಫೋಟೋ, ಉಳಿದದ್ದು ಪೈ ಚಾರ್ಟು. ಆಮೇಲೆ ಅದನ್ನು ಯಾರೂ ತೆರೆಯಲ್ಲ.

ಬೇರೆ ಥರ ಮಾಡಿಸಬಹುದು. ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ: ರಾಯಚೂರು ಜಿಲ್ಲೆಯ 40 ಹಳ್ಳಿಗಳಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಓದಿನ ಕೇಂದ್ರ ನಡೆಸುವ ಸಂಸ್ಥೆ ನಿಮ್ಮದು ಅಂದುಕೊಳ್ಳಿ.

ಖರ್ಚು ಯಾರದ್ದು ಅಂತ ಮೊದಲು ಕೇಳಿ

ಸಿಎಸ್‌ಆರ್ ಹಣದ (ಕಾನೂನಿನ ಪ್ರಕಾರ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ವಿಷಯದಲ್ಲಿ ತುಂಬಾ ಜನ ಸುಮ್ನೆ ಹೆದರುತ್ತಾರೆ. 2021ರ ಜನವರಿಯಲ್ಲಿ ಸಿಎಸ್‌ಆರ್ ನಿಯಮಗಳಿಗೆ ಬಂದ ತಿದ್ದುಪಡಿ ಇಂಪ್ಯಾಕ್ಟ್ ಅಸೆಸ್‌ಮೆಂಟ್, ಅಂದರೆ ಪ್ರಾಜೆಕ್ಟಿನ ಪ್ರಭಾವದ ಮೌಲ್ಯಮಾಪನ, ಕಡ್ಡಾಯ ಮಾಡಿದ್ದು ಕಂಪನಿಗೆ. ಅದೂ ಎಲ್ಲ ಕಂಪನಿಗೂ ಅಲ್ಲ. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಿಎಸ್‌ಆರ್ ಹೊಣೆ ಇರುವ ಕಂಪನಿ, 1 ಕೋಟಿ ಅಥವಾ ಅದಕ್ಕೂ ದೊಡ್ಡ ಪ್ರಾಜೆಕ್ಟಿಗೆ, ಅದು ಮುಗಿದು ಕನಿಷ್ಠ ಒಂದು ವರ್ಷ ಆದ ಮೇಲೆ, ಹೊರಗಿನ ಸ್ವತಂತ್ರ ಸಂಸ್ಥೆಯಿಂದ ಮಾಡಿಸಬೇಕು. ಅದರ ಖರ್ಚನ್ನೂ ಕಂಪನಿ ಸಿಎಸ್‌ಆರ್ ಲೆಕ್ಕದಲ್ಲೇ ತೋರಿಸಬಹುದು. 2022ರ ಸೆಪ್ಟೆಂಬರ್‌ನಿಂದ ಮಿತಿ ಆ ವರ್ಷದ ಒಟ್ಟು ಸಿಎಸ್‌ಆರ್ ಖರ್ಚಿನ ಶೇ. 2 ಅಥವಾ 50 ಲಕ್ಷ, ಯಾವುದು ಜಾಸ್ತಿಯೋ ಅದು. ನಿಮ್ಮದು 18 ಲಕ್ಷದ ಪ್ರಾಜೆಕ್ಟ್, ಅದರೊಳಗೇ ಮೌಲ್ಯಮಾಪನವನ್ನೂ ಮುಗಿಸಿ ಅಂತ ಅವರು ಹೇಳಿದರೆ 'ಅದಕ್ಕೆ ಬೇರೆ ಕೊಡ್ತೀರಾ ಸರ್?' ಅಂತ ಕೇಳೋದರಲ್ಲಿ ತಪ್ಪೇನಿಲ್ಲ. ಎಷ್ಟೋ ಸಲ ಕೊಡುತ್ತಾರೆ, ಕೇಳೋರೇ ಇರಲ್ಲ ಅಷ್ಟೇ.

ಒಂದು ಪುಟ ಬರೆಯಿರಿ

ಕನ್ಸಲ್ಟೆಂಟ್ ಹುಡುಕುವ ಮುಂಚೆ ನಿಮ್ಮವರೆಲ್ಲ ಕೂತು ಒಂದು ಪುಟ ಬರೆಯಿರಿ. ಇದನ್ನೇ ಟಿಓಆರ್ (ಟರ್ಮ್ಸ್ ಆಫ್ ರೆಫರೆನ್ಸ್) ಅಂತಾರೆ. ಅದರಲ್ಲಿ ಮೊದಲ ಸಾಲು ಹೀಗಿರಲಿ: ಈ ವರದಿ ಬಂದ ಮೇಲೆ ನಾವು ಯಾವ ತೀರ್ಮಾನ ತಗೋಬೇಕು? ಕೇಂದ್ರಗಳನ್ನು 40ರಿಂದ 60ಕ್ಕೆ ಏರಿಸಬೇಕಾ, ಇಲ್ಲ ಇರುವ ಕಡೆಯೇ ಇನ್ನೊಬ್ಬ ಕಾರ್ಯಕರ್ತೆಯನ್ನು ಹಾಕಬೇಕಾ? ಇಂಥ ಪ್ರಶ್ನೆ ಸಿಗದಿದ್ದರೆ ಈ ವರ್ಷ ಮೌಲ್ಯಮಾಪನ ಬೇಡ, ಆ ದುಡ್ಡಲ್ಲಿ ಪುಸ್ತಕ ತಗೊಳ್ಳಿ. ನಿಜವಾಗಿಯೂ ಹೇಳ್ತಿದೀನಿ.

ಪ್ರಶ್ನೆ ಎರಡು ಅಥವಾ ಮೂರಕ್ಕಿಂತ ಜಾಸ್ತಿ ಬೇಡ. ಕನ್ಸಲ್ಟೆಂಟ್‌ಗಳ ಪ್ರಪೋಸಲ್‌ನಲ್ಲಿ ಸಾಮಾನ್ಯವಾಗಿ ಆರು ಮಾನದಂಡ ಇರುತ್ತವೆ: ಪ್ರಸ್ತುತತೆ, ಹೊಂದಾಣಿಕೆ, ಪರಿಣಾಮಕಾರಿತನ, ದಕ್ಷತೆ, ಪ್ರಭಾವ, ಬಾಳಿಕೆ. ಇವು ಒಇಸಿಡಿ ಅನ್ನೋ ಹಲವು ದೇಶಗಳ ಆರ್ಥಿಕ ಸಂಘಟನೆಯವರದ್ದು. ಮೊದಲು ಐದಿದ್ದವು, 2019ರಲ್ಲಿ ಹೊಂದಾಣಿಕೆ ಸೇರಿ ಆರಾದವು. ಒಳ್ಳೆಯವೇ, ಆದರೆ ಸಣ್ಣ ಬಜೆಟ್ಟಿನಲ್ಲಿ ಆರಕ್ಕೂ ಉತ್ತರ ಹುಡುಕಲು ಹೋದರೆ ಒಂದಕ್ಕೂ ನೆಟ್ಟಗೆ ಸಿಗಲ್ಲ.

ಟಿಓಆರ್ ಹೇಗಿರುತ್ತೆ ಅಂತ ನೋಡಬೇಕಾದರೆ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರದ ವರದಿಗಳನ್ನು ತೆಗೆದು ನೋಡಿ. ಸರ್ಕಾರಿ ಯೋಜನೆಗಳ ಮೇಲಿನವು, ನಿಮಗೆ ಬೇಕಾದ್ದಕ್ಕಿಂತ ಉದ್ದ, ಆದರೂ ಪ್ರಶ್ನೆ ಹಾಕುವ ಕ್ರಮ ಗೊತ್ತಾಗುತ್ತೆ.

ಯಾರನ್ನು ಕರೆಯೋದು

ದೊಡ್ಡ ಹೆಸರಿನ ಕಂಪನಿಯೇ ಬೇಕಂತಿಲ್ಲ. ಹತ್ತಿರದ ವಿಶ್ವವಿದ್ಯಾಲಯದ ಸಮಾಜಕಾರ್ಯ ಅಥವಾ ಅರ್ಥಶಾಸ್ತ್ರ ವಿಭಾಗದ ಮೇಷ್ಟ್ರು, ಬಿಡಿಯಾಗಿ ಕೆಲಸ ಮಾಡುವ ಅನುಭವಸ್ಥರು ನಿಮ್ಮ ಅಳತೆಗೆ ಸಾಕಾಗುತ್ತಾರೆ. ನಿಮ್ಮ ಪ್ರಪೋಸಲ್ ಬರೆದುಕೊಟ್ಟವರನ್ನು ಮಾತ್ರ ಕರೆಯಬೇಡಿ. ತಾವೇ ಹಾಕಿದ ಪ್ಲಾನಿಗೆ ತಾವೇ ಮಾರ್ಕ್ಸ್ ಕೊಟ್ಟಂತಾಗುತ್ತೆ. ಅವರು ಒಳ್ಳೆಯವರಾಗಿದ್ದರೂ ಅಷ್ಟೇ.

ಮಾತುಕತೆಯಲ್ಲಿ ಎರಡು ಪ್ರಶ್ನೆ ಕೇಳಿ. ಹಳ್ಳಿಗೆ ಹೋಗುವವರು ಯಾರು? ಸೂಟು ಹಾಕಿಕೊಂಡು ಪ್ರೆಸೆಂಟೇಶನ್ ಕೊಡುವವರು ಒಬ್ಬರು, ಲಿಂಗಸುಗೂರಿಗೆ ಬಸ್ ಹತ್ತುವವರು ಮೊನ್ನೆ ಡಿಗ್ರಿ ಮುಗಿಸಿದ ಹುಡುಗರು. ಆ ಹುಡುಗರನ್ನೂ ಭೇಟಿ ಮಾಡಿ, ಅಲ್ಲಿನ ಮಾತು ಅವರಿಗೆ ತಿಳಿಯುತ್ತಾ ನೋಡಿ. ಎರಡನೆಯದು: 'ಕಾರ್ಯಕ್ರಮ ಅಷ್ಟಾಗಿ ನಡೆದಿಲ್ಲ' ಅಂತ ನೀವು ಬರೆದ ಒಂದು ವರದಿ ತೋರಿಸ್ತೀರಾ? ಹೆಸರು ಮುಚ್ಚಿ ತೋರಿಸಿದರೂ ಪರವಾಗಿಲ್ಲ. ಅಂಥದ್ದು ಒಂದೂ ಇಲ್ಲ ಅಂದರೆ ಮುಂದಿನವರಿಗೆ ಫೋನ್ ಮಾಡಿ.

ಪ್ರಶ್ನೆಪತ್ರಿಕೆಯನ್ನು ನೀವೂ ಓದಿ

ಇಲ್ಲಿ ಕೂತು ಟೈಮ್ ಕೊಡಿ, ಎಲ್ಲ ಕೆಡೋದು ಇಲ್ಲೇ. 'ಕೇಂದ್ರಕ್ಕೆ ಬಂದ ಮೇಲೆ ನಿಮ್ಮ ಮಗುವಿನ ಕಲಿಕೆಯಲ್ಲಿ ಸುಧಾರಣೆ ಆಗಿದೆಯೇ?' ಅಂತ ತಾಯಿಯನ್ನು ಕೇಳಿದರೆ ಆಕೆ ಏನಂತಾರೆ? ಮನೆ ಬಾಗಿಲಿಗೆ ಬಂದು ಚಾಪೆ ಮೇಲೆ ಕೂತವರಿಗೆ, ಪಕ್ಕದಲ್ಲಿ ನಿಮ್ಮ ಕಾರ್ಯಕರ್ತೆ ನಿಂತಿರುವಾಗ, 'ಹೂನ್ರೀ, ಚಲೋ ಆಗೈತ್ರೀ' ಅಂತಾರೆ. ವರದಿಯಲ್ಲಿ ಅದು 'ಶೇ. 96 ಪೋಷಕರು ತೃಪ್ತರು' ಆಗುತ್ತೆ. ಮಗು ಓದುತ್ತಾ ಇಲ್ಲವಾ ಅನ್ನೋದು ಹಾಗೇ ಉಳಿಯಿತು.

ಅದರ ಬದಲು ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದಿಸಿ. ಹಳ್ಳಿ ಮಕ್ಕಳ ಓದು, ಲೆಕ್ಕ ಎಷ್ಟಿದೆ ಅಂತ ಅಳೆಯುವ, 2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಯ ಓದುವ ಹಾಳೆ ಕನ್ನಡದಲ್ಲೂ ಇದೆ: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮೊದಲು ಆ ನಾಲ್ಕು ಸಾಲು ಕೊಡ್ತಾರೆ. ಓದಿದರೆ ಕಥೆ, ತಡವರಿಸಿದರೆ ಪದ, ಅದೂ ಆಗದಿದ್ದರೆ ಅಕ್ಷರ. ಒಂದು ಮಗುವಿಗೆ ಕೆಲವೇ ನಿಮಿಷ. ತಾಯಿಯನ್ನು ಮಾತಾಡಿಸಬೇಡಿ ಅಂತಲ್ಲ, 'ಹೋದ ವಾರ ಎಷ್ಟು ಸಂಜೆ ಹೋಗಿದ್ದಳು? ಹೋಗದ ದಿನ ಯಾಕೆ ಹೋಗಲಿಲ್ಲ?' ಅಂತ ಕೇಳಿ. ಅಂಥ ಪ್ರಶ್ನೆಗೆ ನಿಜ ಬರುತ್ತೆ.

ಯಾವ ಹಳ್ಳಿಗೆ ಹೋಗೋದು ಅನ್ನೋದನ್ನು ನಿಮ್ಮ ಸಂಯೋಜಕರಿಗೆ ಬಿಡಬೇಡಿ. ಡಾಂಬರು ರಸ್ತೆ ಪಕ್ಕದ್ದು, ಚುರುಕಾದ ಕಾರ್ಯಕರ್ತೆ ಇರುವ ಊರು, ಅದೇ ಪಟ್ಟಿ ಬರುತ್ತೆ. 40 ಹೆಸರು ಚೀಟಿ ಬರೆದು ಎತ್ತಿ. ಹಾಗೇ, ಕೇಂದ್ರ ಇಲ್ಲದ ಕೆಲವು ಊರುಗಳ ಮಕ್ಕಳನ್ನೂ ಓದಿಸಿ ನೋಡಿ. ಶಾಲೆಗೆ ಹೋಗುವ ಮಗು ಒಂದು ವರ್ಷದಲ್ಲಿ ನಿಮ್ಮ ಕೇಂದ್ರ ಇಲ್ಲದೆಯೂ ಸ್ವಲ್ಪ ಮುಂದೆ ಹೋಗಿರುತ್ತೆ ಅಲ್ವಾ, ಅದನ್ನು ಕಳೆಯದೆ ನಿಮ್ಮ ಪಾಲು ಎಷ್ಟು ಅಂತ ಹೇಳೋಕಾಗಲ್ಲ.

ಇದೆಲ್ಲ ಆಗಬೇಕಾದರೆ ಶುರುವಿನಲ್ಲೇ ಒಂದು ಸಲ ಅಳೆದಿರಬೇಕು. ಜೂನ್‌ನಲ್ಲಿ ಶಾಲೆ ಶುರುವಾದಾಗ ಬೇಸ್‌ಲೈನ್ ಮಾಡಿ. ಫೆಬ್ರವರಿಯಲ್ಲಿ ಹೋದರೆ ಇನ್ನೊಂದು ತೊಂದರೆ: ಸುಗ್ಗಿ ಮುಗಿದ ಮೇಲೆ ಆ ಕಡೆಯ ಎಷ್ಟೋ ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗಿರುತ್ತಾರೆ. ನಿಮ್ಮ ಕೇಂದ್ರದ ಅಗತ್ಯ ಜಾಸ್ತಿ ಇದ್ದ ಮಕ್ಕಳೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ದುಡ್ಡು, ಕಾಗದ

ಕೊಟೇಶನ್‌ನಲ್ಲಿ ಜಿಎಸ್‌ಟಿ ಸೇರಿದೆಯಾ ಕೇಳಿ. ಜಿಎಸ್‌ಟಿ ನೋಂದಣಿ ಇರುವ ಕನ್ಸಲ್ಟೆಂಟ್ ಬಿಲ್ಲಿನ ಮೇಲೆ ಶೇ. 18 ಬೀಳುತ್ತೆ, ಅದು ನಿಮಗೆ ವಾಪಸ್ ಬರಲ್ಲ. ವೃತ್ತಿಪರ ಶುಲ್ಕ ಮಿತಿ ದಾಟಿದರೆ ಶೇ. 10 ಟಿಡಿಎಸ್ (ಫೀಸು ಕೊಡುವಾಗಲೇ ಹಿಡಿದು ಕಟ್ಟುವ ಆದಾಯ ತೆರಿಗೆ) ಹಿಡಿಯಬೇಕು. ವಿದೇಶಿ ದೇಣಿಗೆಯ ಹಣದಲ್ಲಿ ಕೊಡೋದಾದರೆ ಇನ್ನೂ ಹುಷಾರು, 2020ರ ತಿದ್ದುಪಡಿ ಆದ ಮೇಲೆ ಆಡಳಿತ ವೆಚ್ಚಕ್ಕೆ ಶೇ. 20 ಮಿತಿ ಇದೆ, ಈ ಫೀಸು ಯಾವ ಲೆಕ್ಕಕ್ಕೆ ಹೋಗುತ್ತೆ ಅಂತ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಮಕ್ಕಳ ಹೆಸರು, ಫೋಟೋ, ಓದಿದ ಮಟ್ಟ ತಗೊಳ್ಳುವ ಮುಂಚೆ ಪೋಷಕರ ಒಪ್ಪಿಗೆ ಬೇಕು. ವರದಿಯಲ್ಲಿ ಹೆಸರೇ ಬೇಡ.

ಫೀಸನ್ನು ಕಂತಾಗಿ ಕೊಡಿ. ಕೊನೆಯ ಕಂತು ಮೂರು ವಸ್ತು ಕೈಗೆ ಬಂದ ಮೇಲೆ: ಅಂತಿಮ ವರದಿ, ಹೆಸರು ತೆಗೆದ ಮೂಲ ಅಂಕಿಅಂಶದ ಫೈಲು, ಕಾರ್ಯಕರ್ತೆಯರು ಓದುವಂಥ ಎರಡು ಪುಟದ ಕನ್ನಡ ಸಾರಾಂಶ. ಕರಡು ವರದಿಯಲ್ಲಿ ತಪ್ಪು ಮಾಹಿತಿ ಇದ್ದರೆ ತಿದ್ದಿಸಿ. ಹಿಡಿಸದ ಮಾತನ್ನು ತೆಗೆಸೋಕೆ ಹೋಗಬೇಡಿ, ನಿಮ್ಮ ಉತ್ತರವನ್ನು ಬೇರೆ ಪುಟದಲ್ಲಿ ಬರೆದು ವರದಿ ಜೊತೆಗೇ ಕಂಪನಿಗೆ ಕಳಿಸಿ.

ಆ ಎರಡು ಪುಟ ಇಟ್ಟುಕೊಂಡು ಕಾರ್ಯಕರ್ತೆಯರ ಜೊತೆ ಒಂದು ದಿನ ಕೂತುಕೊಳ್ಳಿ, ಕನ್ಸಲ್ಟೆಂಟ್ ಕೂಡ ಇರಲಿ. ಅವರ ಬಸ್ ಚಾರ್ಜು, ಒಂದು ದಿನದ ಫೀಸು ಮೊದಲೇ ಕೊಟೇಶನ್‌ಗೆ ಸೇರಿಸಿ. ವರದಿ ಕೊಟ್ಟಾದ ಮೇಲೆ ಕರೆದರೆ ಯಾರೂ ಬರಲ್ಲ.